ಗೋಡೆಯೊಳಗಿನ ಬೇಟೆ

1926ರ ಬೇಸಿಗೆಯಲ್ಲಿ, ಲಂಡನ್ನಿನ ಉತ್ತರಕ್ಕಿರುವ ಎಲ್‌ಸ್ಟ್ರೀ ಎಂಬಲ್ಲಿ ಟೊಮೆಟೊ ಬೆಳೆಯುತ್ತಿದ್ದ ತೋಟಗಾರರೊಬ್ಬರ ಗಾಜಿನ ಮನೆಗೆ ಬಿಳಿನೊಣ ಬಿದ್ದಿತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಅದು ಮಾಮೂಲು ಸಂಗತಿ. ಮಾಮೂಲಲ್ಲದ್ದು ಕಂಡದ್ದು ಎಲೆಯ ಕೆಳಮೈಯಲ್ಲಿ. ಬಿಳಿನೊಣದ ಮರಿ ಮೊಟ್ಟೆಯೊಡೆದು ಬಂದಮೇಲೆ ಸ್ವಲ್ಪ ದೂರ ಹರಿದಾಡಿ, ಎಲೆಗೆ ಸೂಜಿಬಾಯಿ ಚುಚ್ಚಿ, ಅಲ್ಲೇ ಅಂಟಿ ಕೂತುಬಿಡುತ್ತದೆ. ಅಂಥ ಮರಿಗಳು ಬರಿಗಣ್ಣಿಗೆ ತಿಳಿಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಈ ತೋಟದ ಎಲೆಗಳಲ್ಲಿ ಬಿಳಿ ಚುಕ್ಕೆಗಳ ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ ಇತ್ತು. ವಿಷಯ ಚೆಸ್‌ಹಂಟ್‌ನ ಸಂಶೋಧನಾ ಕೇಂದ್ರದಲ್ಲಿದ್ದ ಕೀಟಶಾಸ್ತ್ರಜ್ಞ ಇ. ಆರ್. ಸ್ಪೈಯರ್ ಅವರ ಗಮನಕ್ಕೆ ಬಂತು. ಕಪ್ಪಾದ ಮರಿಗಳೊಳಗಿಂದ ಬಿಳಿನೊಣ ಹೊರಬರಲಿಲ್ಲ. ಒಂದು ಮಿಲಿಮೀಟರಿಗೂ ಕಡಿಮೆ ಉದ್ದದ, ಕಪ್ಪು ತಲೆ, ಕಪ್ಪು ಎದೆ, ಹಳದಿ ಹೊಟ್ಟೆಯ ಕಣಜ ಹೊರಬಂತು.

ಆ ಕಣಜದ ಹೆಸರು ಎನ್ಕಾರ್ಸಿಯಾ ಫಾರ್ಮೋಸಾ. ಹಸಿರುಮನೆಯ ಬೆಳೆಗಳನ್ನು ಕೀಟ, ರೋಗಗಳಿಂದ ಕಾಯುವ ವಿದ್ಯೆ ನಡೆದು ಬಂದ ದಾರಿಯನ್ನು ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಗೊತ್ತಿಲ್ಲ. ಮನುಷ್ಯರು ಇದನ್ನು ಕಂಡುಕೊಂಡರು, ಬಳಸಿದರು, ಮರೆತರು, ಮತ್ತೆ ಹುಡುಕಿಕೊಂಡು ಹೋದರು. ಇಷ್ಟೆಲ್ಲ ಆಗುವಾಗ ಅದು ಮಾತ್ರ ತನ್ನ ಪಾಡಿಗೆ ಬಿಳಿನೊಣದ ಮರಿಗಳನ್ನು ಹುಡುಕುತ್ತಲೇ ಇತ್ತು.

ಕಣಜದ ಕೆಲಸ ನೋಡುವ ಮೊದಲು, ಬಿಳಿನೊಣಕ್ಕೆ ಗಾಜಿನ ಮನೆ ಅಷ್ಟು ಹಿಡಿಸಿದ್ದೇಕೆ ಎಂದು ಕೇಳಬೇಕು. ಹಸಿರುಮನೆ ಗಿಡಕ್ಕೆಂದು ಕಟ್ಟಿದ್ದು. ಒಳಗಿನ ಶಾಖಕ್ಕೆ ಮುಖ್ಯ ಕಾರಣ ಗಾಳಿಯ ಬಂಧನ. ಬಿಸಿಯಾದ ಗಾಳಿ ಮೇಲೇರಿ ಹೊರಗೆ ಹೋಗದಂತೆ ಗಾಜೋ ಪ್ಲಾಸ್ಟಿಕ್ಕೋ ತಡೆಯುತ್ತದೆ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಎರಡು ಸಣ್ಣ ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟು ಇದನ್ನು ತೋರಿಸಿದ್ದರು. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಶಾಖದ ಕಿರಣಗಳನ್ನು ಸರಾಗವಾಗಿ ಹೊರಬಿಡುವ ಕಲ್ಲುಪ್ಪಿನ ಮುಚ್ಚಳ. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಕಾದವು. ಹೀಗೆ ಗಾಳಿಯನ್ನು ಕಟ್ಟಿಹಾಕಿದಾಗ ಮಳೆ ಮತ್ತು ಬಿರುಗಾಳಿಯೂ ಹೊರಗುಳಿಯುತ್ತವೆ. ಬಯಲಿನ ಗಿಡದಿಂದ ನುಸಿ, ಹೇನುಗಳನ್ನು ಕೊಚ್ಚಿ ಕೆಳಗೆ ಹಾಕುವ ಜೋರು ಮಳೆ ಒಳಗಿನ ಗಿಡಕ್ಕೆ ಎಂದೂ ಬೀಳುವುದಿಲ್ಲ. ಗುಲಗಂಜಿ ಹುಳು, ಜೇಡ, ಹಸಿರು ಜಾಲರೆಕ್ಕೆಯ ಕೀಟ, ನೂರಾರು ಬಗೆಯ ಕಣಜಗಳು ಎಲ್ಲವೂ ಹೊರಗೆ. ಇಷ್ಟಾದರೂ ಸಸಿಯ ಎಲೆಯಡಿ ಕೂತೋ ಕೆಲಸಗಾರರ ಬಟ್ಟೆಗೆ ಅಂಟಿಯೋ ಒಂದೆರಡು ಪೀಡೆಗಳು ಒಳಗೆ ಬಂದೇ ಬರುತ್ತವೆ. ಅವುಗಳಿಗೆ ಒಳಗೆ ಸದಾ ಎಳೆಯ ಎಲೆ, ಹಿತವಾದ ಶಾಖ. ತಿನ್ನಲು ಬರುವವರು ಯಾರೂ ಇಲ್ಲ.

ಇಂಗ್ಲೆಂಡಿನ ಬಿಳಿನೊಣದ ಕತೆಯೂ ಇದೇ. ಜಾನ್ ವೆಸ್ಟ್‌ವುಡ್ ಎಂಬ ಕೀಟಶಾಸ್ತ್ರಜ್ಞ 1856ರಲ್ಲೇ ಅದನ್ನು ಹಸಿರುಮನೆಯ ಕೀಟವೆಂದು ವರ್ಣಿಸಿದ್ದರು. ಅದರ ಮೂಲ ಅಮೆರಿಕ ಖಂಡದ ಬೆಚ್ಚನೆಯ ನಾಡು ಎಂಬುದು ಸಾಮಾನ್ಯ ಅಭಿಪ್ರಾಯ. ಗಿಡಗಳನ್ನು ಸಾಗರ ದಾಟಿಸಿ ತಂದಾಗ ಅದೂ ಜೊತೆಗೆ ಬಂತು, ಅದರ ಶತ್ರುಗಳು ಬರಲಿಲ್ಲ. ತೋಟಗಾರರು ಮನೆ ಮುಚ್ಚಿ ಸೈನೈಡ್ ಅನಿಲ ತುಂಬಿಸಿ ಅದನ್ನು ಕೊಲ್ಲುತ್ತಿದ್ದರು. ಆ ಅನಿಲ ನೊಣವನ್ನು ಕೊಂದಷ್ಟೇ ಸಲೀಸಾಗಿ ಮನುಷ್ಯನನ್ನೂ ಕೊಲ್ಲಬಲ್ಲದು.

ಈಗ ಕಣಜದ ಕೆಲಸ ಹತ್ತಿರದಿಂದ ನೋಡೋಣ. ಹೆಣ್ಣು ಕಣಜ ಎಲೆಯ ಮೇಲೆ ನಡೆಯುತ್ತ, ಮೀಸೆಗಳಿಂದ ಎಲೆಮೈಯನ್ನು ತಟ್ಟುತ್ತ ಹೋಗುತ್ತದೆ. ಬಿಳಿನೊಣದ ಮರಿ ಸಿಕ್ಕರೆ ಅದರ ಸುತ್ತ ತಡವಿ ಪರೀಕ್ಷಿಸುತ್ತದೆ. ವಯಸ್ಸು ಸರಿಯಿದ್ದರೆ ಹಿಂದಕ್ಕೆ ತಿರುಗಿ, ಸೂಜಿಯಂಥ ಅಂಗದಿಂದ ಚುಚ್ಚಿ ಒಳಗೆ ಒಂದು ಮೊಟ್ಟೆ ಇಡುತ್ತದೆ. ಕೆಲವು ಮರಿಗಳನ್ನು ಮೊಟ್ಟೆಯಿಡದೆ ಬರೀ ಚುಚ್ಚಿ, ಒಸರುವ ರಸವನ್ನು ಹೀರಿ ಕೊಂದುಬಿಡುತ್ತದೆ. ಮೊಟ್ಟೆ ಇಟ್ಟ ಮರಿಯೊಳಗೆ ಕಣಜದ ಹುಳು ಬೆಳೆಯುತ್ತದೆ, ಸುಮಾರು ಹತ್ತು ದಿನಕ್ಕೆ ಹೊರಚರ್ಮ ಕಪ್ಪಾಗುತ್ತದೆ. ಮೂರು ವಾರಗಳ ಆಸುಪಾಸಿನಲ್ಲಿ ಹೊಸ ಕಣಜ ಚರ್ಮವನ್ನು ಕಡಿದು ಹೊರಬರುತ್ತದೆ. ಖಾಲಿ ಹುರುಪೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಯಾರು ಹೊರಗೆ ಹೋದರೆಂದು ಹೇಳಬಹುದು: ದುಂಡನೆಯ ತೂತಿದ್ದರೆ ಕಣಜ, ಸೀಳಿದ ಗೆರೆಯಿದ್ದರೆ ಬಿಳಿನೊಣ. ಹುಟ್ಟುವ ಕಣಜಗಳೆಲ್ಲ ಬಹುತೇಕ ಹೆಣ್ಣೇ. ಅವುಗಳ ಜೀವಕೋಶದೊಳಗೆ ವಾಸಿಸುವ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಗಂಡಿನ ನೆರವಿಲ್ಲದೆ ಹೆಣ್ಣೇ ಹುಟ್ಟುವಂತೆ ಮಾಡುತ್ತದೆ. ಬೆಳೆಸಿ ಹಂಚುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ!

1930ರ ಹೊತ್ತಿಗೆ ಚೆಸ್‌ಹಂಟ್ ಕೇಂದ್ರ ವರ್ಷಕ್ಕೆ ಸುಮಾರು 15 ಲಕ್ಷ ಕಣಜಗಳನ್ನು ಬ್ರಿಟನ್ನಿನ 800ರಷ್ಟು ತೋಟಗಳಿಗೆ ಕಳಿಸುತ್ತಿತ್ತು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೂ ಹೋದವು. ಬಯಲಿನಲ್ಲಿ ಬಿಟ್ಟಿದ್ದರೆ ಇಂಥ ಪುಟ್ಟ ಜೀವಿ ಗಾಳಿಗೆ ಚದುರಿ ಎಲ್ಲೋ ಹೋಗುತ್ತಿತ್ತು. ಒಳಗೆ ಬಿಟ್ಟದ್ದು ಒಳಗೇ ಉಳಿಯಿತು. ಶತ್ರುಗಳನ್ನು ಹೊರಗಿಟ್ಟು ಪೀಡೆಯನ್ನು ಸಾಕಿದ ಅದೇ ಗೋಡೆ, ಶತ್ರುವನ್ನು ಕೈಯಾರೆ ಒಳಗೆ ತಂದು ಬಿಟ್ಟಾಗ ಅದನ್ನು ಹೊರಹೋಗದಂತೆ ಹಿಡಿದಿಟ್ಟಿತು. ಹಸಿರುಮನೆಯ ಸಸ್ಯರಕ್ಷಣೆಯಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ನಂಬಿರುವುದು ಇದನ್ನೇ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಡಿಡಿಟಿ ಬಂತು, ಹಿಂದೆಯೇ ಪ್ಯಾರಾಥಿಯಾನ್‌ನಂಥ ಔಷಧಗಳು ಬಂದವು. ಒಂದು ಸಲ ಹೊಡೆದರೆ ಎಲೆ ಚೊಕ್ಕಟ. ಮೂರು ವಾರ ಕಾದು ಕಪ್ಪು ಚುಕ್ಕೆ ಎಣಿಸುವ ಸಹನೆ ಯಾರಿಗೆ ಬೇಕು? 1940ರ ದಶಕ ಮುಗಿಯುವ ಹೊತ್ತಿಗೆ ಕಣಜಗಳ ಹಂಚಿಕೆ ನಿಂತೇಹೋಯಿತು.

ಆದರೆ ಆ ಸಲೀಸು ಬಹಳ ಕಾಲ ಉಳಿಯಲಿಲ್ಲ. ಮೊದಲು ತಿರುಗಿಬಿದ್ದದ್ದು ನುಸಿ. ನಮ್ಮ ರೈತರು ಮೈಟ್ಸ್ ಎನ್ನುವ, ಎರಡು ಕಪ್ಪು ಮಚ್ಚೆಯ ಜೇಡನುಸಿ. ಅರ್ಧ ಮಿಲಿಮೀಟರ್ ಉದ್ದ, ಎಂಟು ಕಾಲು. ಕೀಟವಲ್ಲ, ಜೇಡದ ಬಳಗ. ಎಲೆಯ ಕೆಳಮೈಯಲ್ಲಿ ನವಿರಾದ ಬಲೆ ನೇಯ್ದು ಅದರ ಮರೆಯಲ್ಲಿ ರಸ ಹೀರುತ್ತದೆ. ಎಲೆಯ ಮೇಲೆ ಮೊದಲು ಹಳದಿ ಚುಕ್ಕೆ, ಆಮೇಲೆ ಇಡೀ ಎಲೆ ಕಂಚಿನ ಬಣ್ಣಕ್ಕೆ ತಿರುಗಿ ಒಣಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಒಂದು ವಾರ ಸಾಕು. ಒಂದೊಂದು ಹೆಣ್ಣು ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಗಂಡಿನ ಜೊತೆ ಕೂಡದ ಹೆಣ್ಣೂ ಮೊಟ್ಟೆ ಇಡಬಲ್ಲದು. ಅವೆಲ್ಲ ಗಂಡಾಗುತ್ತವೆ, ಬೆಳೆದ ಮೇಲೆ ತಾಯಿಯನ್ನೇ ಕೂಡುತ್ತವೆ. ಒಂದೇ ಒಂದು ಹೆಣ್ಣು ಒಳಗೆ ನುಸುಳಿದರೂ ವಂಶ ಬೆಳೆಯಲು ತಡೆಯಿಲ್ಲ.

ಗಂಡು ನುಸಿಯಲ್ಲಿ ಪ್ರತಿ ವರ್ಣತಂತುವಿನ ಒಂದೇ ಪ್ರತಿ ಇರುತ್ತದೆ, ಅದು ತಾಯಿಯಿಂದ ಬಂದದ್ದು. ಹೀಗಾಗಿ ಔಷಧವನ್ನು ತಡೆದುಕೊಳ್ಳುವ ಗುಣ ಯಾವುದಾದರೂ ಜೀನ್‌ನಲ್ಲಿ ಹುಟ್ಟಿದರೆ ಅದು ಗಂಡಿನಲ್ಲಿ ಮುಚ್ಚಿಹೋಗುವುದಿಲ್ಲ. ಔಷಧ ಹೊಡೆದಾಗ ಆ ಗುಣವಿಲ್ಲದವು ಸಾಯುತ್ತವೆ, ಇರುವವು ಉಳಿದು ಮರಿಮಾಡುತ್ತವೆ. ಬಯಲಲ್ಲಾದರೆ ಪಕ್ಕದ ಹೊಲದಿಂದ ಔಷಧ ಕಾಣದ ನುಸಿಗಳು ಬಂದು ಬೆರೆತು ಈ ಗುಣವನ್ನು ತೆಳುವಾಗಿಸುತ್ತವೆ. ಮುಚ್ಚಿದ ಮನೆಯಲ್ಲಿ ಬೆರಕೆಗೆ ಅವಕಾಶವೇ ಇಲ್ಲ. ಪ್ಯಾರಾಥಿಯಾನ್ ಬಂದು ಕೆಲವೇ ವರ್ಷಗಳಲ್ಲಿ, 1950ರ ಸುಮಾರಿಗೆ, ಹಸಿರುಮನೆಯ ಜೇಡನುಸಿಗಳು ಅದನ್ನು ಜಯಿಸಿದವು. ಇಂದಿಗೆ ಈ ಒಂದು ಜಾತಿಯ ನುಸಿ ತೊಂಬತ್ತಕ್ಕೂ ಹೆಚ್ಚು ರಾಸಾಯನಿಕಗಳಿಗೆ ಜಗತ್ತಿನ ಒಂದಲ್ಲ ಒಂದು ಕಡೆ ಜಗ್ಗದೆ ನಿಂತ ದಾಖಲೆಯಿದೆ. ಔಷಧ ಬದಲಿಸುತ್ತ ಓಡುವ ಈ ಪಂದ್ಯದಲ್ಲಿ ರೈತ ಗೆಲ್ಲುವಂತಿಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಹೊಸ ಅಣುವೊಂದನ್ನು ಮಾರುಕಟ್ಟೆಗೆ ತರಲು ವರ್ಷಗಟ್ಟಲೆ ಬೇಕು. ನುಸಿಯ ಒಂದು ತಲೆಮಾರಿಗೆ ವಾರ ಸಾಕು.

ಉತ್ತರ ಬಂದದ್ದು ಚಿಲಿ ದೇಶದಿಂದ ಜರ್ಮನಿಗೆ ತರಿಸಿದ ಆರ್ಕಿಡ್ ಗಿಡಗಳ ಮೇಲೆ. 1958ರಲ್ಲಿ ಆ ಗಿಡಗಳಲ್ಲಿ ಕಿತ್ತಳೆಗೆಂಪು ಬಣ್ಣದ, ಚುರುಕು ನಡಿಗೆಯ ಇನ್ನೊಂದು ನುಸಿ ಕಂಡಿತು: ಫೈಟೋಸಿಯುಲಸ್ ಪರ್ಸಿಮಿಲಿಸ್. ಅದು ಗಿಡ ತಿನ್ನುವುದಿಲ್ಲ, ಜೇಡನುಸಿಗಳನ್ನು ತಿನ್ನುತ್ತದೆ. ಬೇರೆ ಆಹಾರಕ್ಕೆ ಒಗ್ಗುವುದೂ ಇಲ್ಲ. ಬೆಚ್ಚಗಿನ ವಾತಾವರಣದಲ್ಲಿ ಬೇಟೆಗಿಂತ ಬೇಗ ಬೆಳೆಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಸೌತೆ ಬೆಳೆಯುತ್ತಿದ್ದ ಯಾನ್ ಕೊಪ್ಪರ್ಟ್ ಅವರಿಗೆ ಔಷಧಗಳಿಂದ ಆರೋಗ್ಯ ಕೆಟ್ಟಿತ್ತು. ಅವರು ಈ ಬೇಟೆನುಸಿಯನ್ನು ತಮ್ಮ ಮನೆಯಲ್ಲಿ ಸಾಕತೊಡಗಿದರು. 1967ರಲ್ಲಿ ಅದರಿಂದಲೇ ಒಂದು ಉದ್ಯಮ ಶುರುವಾಯಿತು, ಇಂದು ಅದು ಈ ಕ್ಷೇತ್ರದ ದೊಡ್ಡ ಹೆಸರುಗಳಲ್ಲೊಂದು. ಮರೆತುಹೋಗಿದ್ದ ಎನ್ಕಾರ್ಸಿಯಾವನ್ನೂ ಬೆಳೆಗಾರರು ಆ ಬಳಿಕ ಮತ್ತೆ ಕರೆತಂದರು.

ಬೇಟೆನುಸಿಗೆ ಕಣ್ಣಿಲ್ಲ. ಎಕರೆಗಟ್ಟಲೆ ಎಲೆಗಳ ನಡುವೆ ಅರ್ಧ ಮಿಲಿಮೀಟರಿನ ಬೇಟೆಯನ್ನು ಅದು ಹೇಗೆ ಪತ್ತೆ ಹಚ್ಚುತ್ತದೆ? 1980ರ ದಶಕದಲ್ಲಿ ನೆದರ್ಲೆಂಡ್ಸ್‌ನ ಮೌರಿಸ್ ಸಾಬೆಲಿಸ್, ಮಾರ್ಸೆಲ್ ಡಿಕ್ಕೆ ಮತ್ತು ಅವರ ಸಂಗಡಿಗರು ಕವಲೊಡೆದ ಕೊಳವೆಯಲ್ಲಿ ಬೇಟೆನುಸಿಯನ್ನು ಬಿಟ್ಟು ಪರೀಕ್ಷಿಸಿದರು. ಒಂದು ಕವಲಿನಿಂದ ಆರೋಗ್ಯವಂತ ಅವರೆಜಾತಿಯ ಗಿಡದ ಗಾಳಿ, ಇನ್ನೊಂದರಿಂದ ನುಸಿ ಕಚ್ಚಿದ ಗಿಡದ ಗಾಳಿ. ಬೇಟೆನುಸಿಗಳು ನುಸಿ ಕಚ್ಚಿದ ಗಿಡದತ್ತ ಹೊರಟವು. ಕಚ್ಚಿಸಿಕೊಂಡ ಗಿಡವೇ ಬಗೆಬಗೆಯ ವಾಸನೆಯ ಅಣುಗಳನ್ನು ತಯಾರಿಸಿ ಗಾಳಿಗೆ ಬಿಡುತ್ತದೆ, ಬೇಟೆಗಾರ ಆ ವಾಸನೆ ಹಿಡಿದು ಬರುತ್ತದೆ. ಇದನ್ನು ಮೊದಲ ಸಲ ಓದಿದಾಗ ಆದ ಬೆರಗು ನನಗೆ ಇನ್ನೂ ಕಡಿಮೆಯಾಗಿಲ್ಲ. ಬಾಯಿಲ್ಲದ ಗಿಡ ತನ್ನ ಕಷ್ಟವನ್ನು ಹೊರಗೆ ಹೇಳಿಕೊಳ್ಳುತ್ತದೆ, ಕಣ್ಣಿಲ್ಲದ ಜೀವಿಗೆ ಅದು ತಲುಪುತ್ತದೆ.

ಈ ಪುಟ್ಟ ಬೇಟೆಗಾರರಿಗೆ ಒಂದು ದೊಡ್ಡ ನೆರವು ಅನಿರೀಕ್ಷಿತ ದಿಕ್ಕಿನಿಂದ ಬಂತು. ಟೊಮೆಟೊ ಹೂ ಅಲುಗಾಡಿದರೆ ಮಾತ್ರ ಪರಾಗ ಉದುರಿ ಕಾಯಿ ಕಚ್ಚುತ್ತದೆ. ಗಾಳಿಯಾಡದ ಹಸಿರುಮನೆಯಲ್ಲಿ ಆಳುಗಳು ಕಂಪನದ ಕಡ್ಡಿ ಹಿಡಿದು ಗೊಂಚಲು ಗೊಂಚಲನ್ನೂ ಅಲುಗಿಸಬೇಕಿತ್ತು. ಬೆಲ್ಜಿಯಂನ ಪಶುವೈದ್ಯ ರೋಲಂಡ್ ಡಿ ಯೋಂಗೆ 1980ರ ದಶಕದ ನಡುವೆ ಈ ಕೆಲಸಕ್ಕೆ ಬಂಬಲ್ ದುಂಬಿಗಳನ್ನು ಬಿಟ್ಟು ನೋಡಿದರು. ಅವು ಹೂವನ್ನು ಕಚ್ಚಿ ಹಿಡಿದು ಮೈ ನಡುಗಿಸಿ ಪರಾಗ ಉದುರಿಸಿದವು. ದುಂಬಿಗೂಡು ಒಳಗಿಟ್ಟ ರೈತ ಮನಸ್ಸು ಬಂದಂತೆ ಔಷಧ ಹೊಡೆಯುವ ಹಾಗಿಲ್ಲ. ನೆದರ್ಲೆಂಡ್ಸ್, ಬೆಲ್ಜಿಯಂಗಳ ಟೊಮೆಟೊ ಮನೆಗಳಲ್ಲಿ ಜೈವಿಕ ಹತೋಟಿ ಬೇರೂರಲು ಯಾವ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಈ ದುಂಬಿ.

ಸ್ಪೇನಿನ ಅಲ್ಮೇರಿಯಾದಲ್ಲಿ ಅದೇ ಬದಲಾವಣೆಗೆ ಮಾರುಕಟ್ಟೆಯ ಪೆಟ್ಟು ಬೇಕಾಯಿತು. ಅಲ್ಲಿ ಸುಮಾರು 30,000 ಹೆಕ್ಟೇರ್ ನೆಲ ಪ್ಲಾಸ್ಟಿಕ್ ಹೊದಿಕೆಯ ಕೆಳಗಿದೆ. 2006ರ ಕೊನೆಯಲ್ಲಿ ಅಲ್ಲಿಂದ ಜರ್ಮನಿಗೆ ಹೋದ ದಪ್ಪಮೆಣಸಿನಕಾಯಿಯಲ್ಲಿ ಅನುಮತಿಯಿಲ್ಲದ ಕೀಟನಾಶಕದ ಉಳಿಕೆ ಪತ್ತೆಯಾಗಿ ಕೊಳ್ಳುವವರು ಹಿಂದೆ ಸರಿದರು. ಔಷಧಗಳಿಗೆ ಜಗ್ಗದ ಥ್ರಿಪ್ಸ್ ಎಂಬ ಪುಟ್ಟ ಕೀಟದ ಕಾಟ ಮೊದಲೇ ಇತ್ತು. ಕೆಲವೇ ಹಂಗಾಮುಗಳಲ್ಲಿ ಅಲ್ಲಿನ ದಪ್ಪಮೆಣಸಿನ ಬಹುಪಾಲು ಬೇಟೆನುಸಿ ಮತ್ತು ಬೇಟೆತಿಗಣೆಗಳ ಕಾವಲಿಗೆ ಬಂತು. ಅಲ್ಲಿ ಗೆದ್ದ ಆಂಬ್ಲಿಸಿಯಸ್ ಸ್ವಿರ್ಸ್ಕಿ ಎಂಬ ನುಸಿ ಬಿಳಿನೊಣ, ಥ್ರಿಪ್ಸ್ ಎರಡನ್ನೂ ತಿನ್ನುತ್ತದೆ, ಎರಡೂ ಇಲ್ಲದಾಗ ಮೆಣಸಿನ ಹೂವಿನ ಪರಾಗ ತಿಂದು ಬದುಕುತ್ತದೆ. ಹಾಗಾಗಿ ಪೀಡೆ ಬರುವ ಮೊದಲೇ ಕಾವಲು ನಿಲ್ಲಿಸಬಹುದು.

ಇಷ್ಟೂ ಕೀಟ, ನುಸಿಗಳ ಮಾತಾಯಿತು. ಶಿಲೀಂಧ್ರಕ್ಕೆ ಬೇಟೆಗಾರರನ್ನು ಬಿಟ್ಟು ಹೀಗೆ ಕಾಯಲಾಗುವುದಿಲ್ಲ. ಅಲ್ಲಿ ಹತೋಟಿಯ ಕೀಲಿ ನೀರು. ಅದೂ ನಾವು ಹನಿಕೊಳವೆಯಲ್ಲಿ ಕೊಡುವ ನೀರಲ್ಲ, ಗಾಳಿಯಲ್ಲಿ ಅಡಗಿರುವ ನೀರು.

ಬೆಂಗಳೂರಿನ ಸುತ್ತಲಿನ, ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಒಂದನ್ನು ಡಿಸೆಂಬರ್ ತಿಂಗಳಲ್ಲಿ ಊಹಿಸಿಕೊಳ್ಳಿ. ಕಾಲು ಎಕರೆ, ಅಂದರೆ ಸುಮಾರು 1,000 ಚದರ ಮೀಟರ್. ಸರಾಸರಿ ಎತ್ತರ 5 ಮೀಟರ್. ಒಳಗಿನ ಗಾಳಿ 5,000 ಘನ ಮೀಟರ್. ಮಧ್ಯಾಹ್ನ ಒಳಗೆ 28 ಡಿಗ್ರಿ, ತೇವಾಂಶ ಶೇ. 60. ಆ ಗಾಳಿಯ ಪ್ರತಿ ಘನ ಮೀಟರಿನಲ್ಲಿ 16.3 ಗ್ರಾಂನಷ್ಟು ನೀರಿನ ಆವಿ ಇರುತ್ತದೆ. ಸಂಜೆ ಚಳಿಯಾಯಿತೆಂದು ಪಕ್ಕದ ಪರದೆಗಳನ್ನೆಲ್ಲ ಇಳಿಸಿ ಮುಚ್ಚಿದರೆ, ಬೆಳಗಿನ ಜಾವಕ್ಕೆ ಶಾಖ 15 ಡಿಗ್ರಿಗೆ ಇಳಿಯುತ್ತದೆ. 15 ಡಿಗ್ರಿಯ ಗಾಳಿ 12.8 ಗ್ರಾಂಗಿಂತ ಹೆಚ್ಚು ಆವಿ ಹೊರಲಾರದು. ಉಳಿದ ಮೂರೂವರೆ ಗ್ರಾಂ ಎಲ್ಲಿಗೆ ಹೋಗಬೇಕು? 5,000ದಿಂದ ಗುಣಿಸಿದರೆ ಸುಮಾರು 17.5 ಲೀಟರ್ ನೀರು. ಅದು ಪ್ಲಾಸ್ಟಿಕ್ಕಿನ ಒಳಮೈ, ಎಲೆ, ಎಸಳುಗಳ ಮೇಲೆ ಇಬ್ಬನಿಯಾಗಿ ಇಳಿಯುತ್ತದೆ. ಗಿಡಗಳು ರಾತ್ರಿ ಸೇರಿಸುವ ತೇವವನ್ನೂ ಒದ್ದೆ ನೆಲದ ಆವಿಯನ್ನೂ ನಾನು ಈ ಲೆಕ್ಕಕ್ಕೆ ಹಿಡಿದಿಲ್ಲ. ಮಾಮೂಲು ಪಾಲಿಥಿನ್ ಹಾಳೆ ಶಾಖದ ಕಿರಣಗಳನ್ನು ಹೊರಬಿಡುವುದರಿಂದ, ಮೋಡವಿಲ್ಲದ ಗಾಳಿಯಿಲ್ಲದ ರಾತ್ರಿಗಳಲ್ಲಿ ಒಳಗಿನ ಎಲೆ ಹೊರಗಿನ ಗಾಳಿಗಿಂತಲೂ ತಣ್ಣಗಾಗುವುದುಂಟು.

ಬೂದು ಬೂಜಿಗೆ ಕಾರಣವಾದ ಬೊಟ್ರೈಟಿಸ್ ಶಿಲೀಂಧ್ರಕ್ಕೆ ಬೇಕಾದ್ದು ಇದೇ. ಅದರ ಬೀಜಾಣು ಎಲ್ಲೆಲ್ಲೂ ಇರುತ್ತದೆ. ಆದರೆ ಎಸಳಿನ ಮೇಲೆ ಕೆಲವು ಗಂಟೆಗಳ ಕಾಲ ಒದ್ದೆ ಉಳಿಯದಿದ್ದರೆ ಅದು ಮೊಳೆತು ಒಳನುಗ್ಗಲಾರದು. 15ರಿಂದ 20 ಡಿಗ್ರಿ ಅದಕ್ಕೆ ಬಲು ಹಿತ. ರಫ್ತಿಗೆಂದು ಕೊಯ್ದ ಗುಲಾಬಿಯ ಎಸಳಿನಲ್ಲಿ ಕಾಣುವ ಗುಂಡುಸೂಜಿ ಮೊನೆಯಷ್ಟು ಕಲೆ ಅಂಥ ಒಂದು ಒದ್ದೆ ಮುಂಜಾನೆಯ ಫಲ. ಪೆಟ್ಟಿಗೆಯೊಳಗೆ ಅದೇ ಬೆಳೆದು ಹೂವನ್ನು ಕೊಳೆಸುತ್ತದೆ. ಔಷಧಕ್ಕೆ ಮೊದಲು ಮಾಡಬೇಕಾದ್ದು ಗಾಳಿಯ ಕೆಲಸ. ಸಂಜೆ ಒಳಗಿನ ಬಿಸಿ ತೇವದ ಗಾಳಿ ಹೊರಹೋಗುವಷ್ಟು ಹೊತ್ತು ಪರದೆ ತೆರೆದಿಡುವುದು, ಮೇಲಿನ ಕಿಂಡಿಯನ್ನು ರಾತ್ರಿಯೂ ಪೂರ್ತಿ ಮುಚ್ಚದಿರುವುದು, ಮಧ್ಯಾಹ್ನದ ಮೇಲೆ ನೀರು ಬಿಡದಿರುವುದು, ಗಿಡದ ಬುಡದ ಹಳೆ ಎಲೆಗಳನ್ನು ತೆಗೆದು ಗಾಳಿಗೆ ದಾರಿ ಮಾಡುವುದು, ಮುಂಜಾನೆ ಬಿಸಿಲು ಬೀಳುವ ಮೊದಲೇ ಪರದೆ ಎತ್ತುವುದು. ಇಷ್ಟರಿಂದ ರೋಗ ಪೂರ್ತಿ ಹೋಗದು, ಆದರೆ ಸಿಂಪಡಣೆಗಳ ಸಂಖ್ಯೆ ಖಂಡಿತ ಇಳಿಯುತ್ತದೆ.

ಬೂದಿರೋಗ ತರುವ ಶಿಲೀಂಧ್ರದ ಸ್ವಭಾವ ಬೇರೆ. ಅದರ ಬೀಜಾಣು ತನಗೆ ಬೇಕಾದ ನೀರನ್ನು ಒಡಲಲ್ಲೇ ಹೊತ್ತು ತರುತ್ತದೆ. ಒಣ ಎಲೆಯ ಮೇಲೆ ಚೆನ್ನಾಗಿ ಮೊಳೆಯುತ್ತದೆ. ನೀರು ನಿಂತರೆ ಅದಕ್ಕೇ ತೊಂದರೆ. ಗುಲಾಬಿಯಲ್ಲಿ ಅದು ಚಿಗುರಿನ ಮೇಲೆ ಹಿಟ್ಟು ಚೆಲ್ಲಿದಂತೆ ಕಾಣಿಸುವುದರಿಂದ ಗುರುತು ಸುಲಭ. ದಪ್ಪಮೆಣಸಿನಲ್ಲಿ ಅದರ ಇನ್ನೊಂದು ಜಾತಿ ಎಲೆಯ ಒಳಗೇ ಬೆಳೆದು, ಮೇಲ್ಮೈಯಲ್ಲಿ ಹಳದಿ ಮಚ್ಚೆ, ಕೆಳಮೈಯಲ್ಲಿ ಬಿಳಿ ಬೂದಿ ತೋರಿಸುತ್ತದೆ. ಕೆಳಗೆ ನೋಡದ ರೈತ ಆ ಹಳದಿಯನ್ನು ಪೋಷಕಾಂಶದ ಕೊರತೆಯೆಂದು ತಿಳಿದು ಗೊಬ್ಬರ ಹೆಚ್ಚಿಸುವುದುಂಟು. ಇದಕ್ಕೆ ಗಂಧಕ ಹಳೆಯ ಒಳ್ಳೆಯ ಮದ್ದು. ಆದರೆ ಗಂಧಕ ಬೇಟೆನುಸಿಗೂ ಆಗಿಬರುವುದಿಲ್ಲ. ಗಾಳಿ ತೀರಾ ಒಣಗಿದರೆ ಜೇಡನುಸಿ ಹೆಚ್ಚುತ್ತದೆ, ಬೇಟೆನುಸಿಯ ಮೊಟ್ಟೆ ಬಾಡುತ್ತದೆ. ತೇವ ಹೆಚ್ಚಿದರೆ ಬೇಟೆನುಸಿಗೆ ಸುಖ, ಬೂದು ಬೂಜಿಗೂ ಸುಖ. ಹಸಿರುಮನೆ ನಡೆಸುವವರ ದಿನನಿತ್ಯದ ಲೆಕ್ಕಾಚಾರ ಈ ಎಳೆದಾಟದಲ್ಲೇ ಇದೆ. ಅದನ್ನು ಯಾವ ಕ್ಯಾಲೆಂಡರ್ ನೋಡಿಯೂ ಮಾಡಲಾಗುವುದಿಲ್ಲ.

ನಮ್ಮಲ್ಲಿ ಗೋಡೆಯ ಸಮಸ್ಯೆಯೂ ಬೇರೆಯೇ. ಯುರೋಪಿನ ಗಾಜಿನ ಮನೆ ಚಳಿ ತಡೆಯಲು ಹುಟ್ಟಿದ್ದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಪಾಲಿಹೌಸ್ ಮಳೆ ತಡೆಯಲು, ಕೀಟ ತಡೆಯಲು. ಒಳಗೆ ಶಾಖ ಹೆಚ್ಚಾಗುವುದೇ ಇಲ್ಲಿನ ತೊಡಕು, ಆದ್ದರಿಂದ ಪಕ್ಕದ ಗೋಡೆಗಳು ಬಲೆಯವು. ಸಾಮಾನ್ಯವಾಗಿ ಬಳಸುವ 50 ಮೆಶ್ ಬಲೆ, ಎಂದರೆ ಅಂಗುಲಕ್ಕೆ 50 ಕಣ್ಣಿನದು, ಬಿಳಿನೊಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಥ್ರಿಪ್ಸ್ ಕೀಟದ ಮೈ ಅಗಲ ಮಿಲಿಮೀಟರಿನ ಐದನೇ ಒಂದು ಭಾಗ ಮಾತ್ರ, ಅದು ತೂರಿಬಿಡುತ್ತದೆ. ಇನ್ನೂ ಸಣ್ಣ ಕಣ್ಣಿನ ಬಲೆ ಹಾಕಿದರೆ ಗಾಳಿಯೇ ತೂರದೆ ಒಳಗೆ ಬೇಯುತ್ತದೆ. ಬಲೆಯ ಕಣ್ಣು ಸಣ್ಣದಾದಷ್ಟೂ ಬಲೆಯ ಒಟ್ಟು ವಿಸ್ತಾರ ಹೆಚ್ಚಿಸಬೇಕು. ಕಟ್ಟುವಾಗಲೇ ಎತ್ತರ ಹೆಚ್ಚಿಸಿ, ಎರಡು ಬಾಗಿಲುಗಳ ನಡುವೆ ಕೋಣೆ ಬಿಟ್ಟು, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವ ಶಿಸ್ತು ತರಬೇಕು. ಎಷ್ಟೋ ದುಡ್ಡು ಸುರಿದು ಕಟ್ಟಿದ ಮನೆಯಲ್ಲೂ ಮೂಲೆಯ ಹರಿದ ಬಲೆಯನ್ನು ಹೊಲಿಯದೆ ಬಿಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅತಿನೇರಳೆ ಕಿರಣ ಹೀರುವ ಹಾಳೆಯೂ ಸಹಾಯಕ್ಕೆ ಬರುತ್ತದೆ: ಬಿಳಿನೊಣ, ಥ್ರಿಪ್ಸ್‌ಗಳು ದಿಕ್ಕು ಹಿಡಿಯಲು ಆ ಬೆಳಕನ್ನೇ ನೆಚ್ಚುವುದರಿಂದ ಅಂಥ ಮನೆಯೊಳಗೆ ಅವು ನುಗ್ಗುವುದು ಕಡಿಮೆ ಎಂದು ಇಸ್ರೇಲಿನಲ್ಲಿ 1990ರ ದಶಕದ ಪ್ರಯೋಗಗಳು ತೋರಿಸಿದವು.

ಬಿಳಿನೊಣ ನಮಗೆ ಬರೀ ರಸ ಹೀರುವ ಕಾಟವಲ್ಲ. ಇಲ್ಲಿನ ಬಯಲುಸೀಮೆಯದು ಚೆಸ್‌ಹಂಟ್‌ನವರು ಕಂಡ ಜಾತಿಯಲ್ಲ, ಬೆಮಿಸಿಯಾ ಎಂಬ ಇನ್ನೊಂದು. ಟೊಮೆಟೊ ಎಲೆ ಮುದುರು ರೋಗದ ವೈರಸ್ಸನ್ನು ಹೊತ್ತು ತರುವುದು ಅದೇ. ಆ ವೈರಸ್ಸುಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಬೆಂಗಳೂರಿನ ಹೆಸರನ್ನೇ ಇಟ್ಟಿದ್ದಾರೆ. 1999ರಲ್ಲಿ ಕೋಲಾರದ ಟೊಮೆಟೊ ಹೊಲಗಳಲ್ಲಿ ಹೊರನಾಡಿನ, ಇನ್ನಷ್ಟು ಚುರುಕಾದ ಬೆಮಿಸಿಯಾ ತಳಿ ಪತ್ತೆಯಾಯಿತು, ರೋಗ ಭಾರಿಯಾಗಿ ಹಬ್ಬಿತು. ವೈರಸ್ ಹತ್ತಿದ ಗಿಡಕ್ಕೆ ಮದ್ದಿಲ್ಲ. ಅಲ್ಲಿ ಬೇಟೆಗಾರ ಕಣಜ ಬಂದು ಕೆಲಸ ಮಾಡುವಷ್ಟು ಸಮಯವೂ ಇರುವುದಿಲ್ಲ, ಬಲೆಯೇ ಮೊದಲ ರಕ್ಷಣೆ. ಥ್ರಿಪ್ಸ್‌ನಲ್ಲೂ ಹೊಸ ಅತಿಥಿ ಬಂದಿದೆ: ಆಗ್ನೇಯ ಏಷ್ಯಾದ ಥ್ರಿಪ್ಸ್ ಪಾರ್ವಿಸ್ಪೈನಸ್ 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡಗಳಿಂದ ವರದಿಯಾಗಿ, 2021ರಲ್ಲಿ ದಕ್ಷಿಣದ ಮೆಣಸಿನ ಬೆಳೆಯನ್ನೇ ಹಾಳುಗೆಡವಿತು. ಅದು ಹೂವಿನ ಒಳಗೆ ಅಡಗಿ ಕೂರುತ್ತದೆ, ಮೇಲೆ ಹೊಡೆದ ಔಷಧ ಅದಕ್ಕೆ ತಾಗುವುದು ಅಪರೂಪ.

ಗೋಡೆ ಮುಟ್ಟಲಾರದ ಒಂದು ದಿಕ್ಕಿದೆ, ಅದು ನೆಲ. ಸಾಲ ಮಾಡಿ ಕಟ್ಟಿದ ಮನೆ ಖಾಲಿ ಬಿಡಲಾಗದೆ ರೈತರು ಅದೇ ಏರುಮಡಿಯಲ್ಲಿ ದಪ್ಪಮೆಣಸು, ಟೊಮೆಟೊ, ಸೌತೆಗಳನ್ನು ಬಿಡುವಿಲ್ಲದೆ ಹಾಕುತ್ತಾರೆ. ಬೇರುಗಂಟಿನ ಜಂತುಹುಳುವಿಗೆ ಮೂರೂ ಪ್ರಿಯ. ಗಿಡ ಮಧ್ಯಾಹ್ನ ಬಾಡಿ ಸಂಜೆ ಚೇತರಿಸುತ್ತಿದ್ದರೆ ಒಂದನ್ನು ಕಿತ್ತು ಬೇರು ನೋಡಬೇಕು, ಗಂಟು ಗಂಟಾಗಿದ್ದರೆ ಅದೇ ರೋಗ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಟ್ರೈಕೋಡರ್ಮಾದಂಥ ಉಪಕಾರಿ ಶಿಲೀಂಧ್ರಗಳನ್ನು ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಮಡಿಗೆ ಸೇರಿಸುವ ಕ್ರಮವನ್ನು ರೈತರಿಗೆ ಕಲಿಸುತ್ತ ಬಂದಿದೆ. ಇನ್ನೊಂದು ಉಪಾಯ ನಮ್ಮ ಬಿಸಿಲು. ಇಸ್ರೇಲಿನ ಯಾಕೋವ್ ಕಟಾನ್ 1976ರಲ್ಲಿ ಪ್ರಕಟಿಸಿದ ಕ್ರಮದಂತೆ, ತೇವವಾದ ಮಣ್ಣಿಗೆ ತೆಳುವಾದ ಪಾರದರ್ಶಕ ಹಾಳೆ ಹೊದಿಸಿ ಕಡುಬೇಸಿಗೆಯಲ್ಲಿ ನಾಲ್ಕರಿಂದ ಆರು ವಾರ ಬಿಟ್ಟರೆ ಮೇಲ್ಪದರದ ಬಹುಪಾಲು ರೋಗಾಣುಗಳು ಸಾಯುತ್ತವೆ. ಪಾಲಿಹೌಸ್ ಮುಚ್ಚಿಟ್ಟು ಮಾಡಿದರೆ ಶಾಖ ಇನ್ನೂ ಏರುತ್ತದೆ. ಏಪ್ರಿಲ್, ಮೇ ತಿಂಗಳನ್ನು ಈ ಕೆಲಸಕ್ಕೆ ಬಿಟ್ಟುಕೊಡುವುದು ನಷ್ಟವೆಂದು ನನಗೆ ಅನ್ನಿಸುವುದಿಲ್ಲ. ಗಿಡವಿಲ್ಲದ ಆ ಅವಧಿಯಲ್ಲಿ ಕಳೆಯನ್ನೂ ಉಳಿಸದಿದ್ದರೆ ನುಸಿ, ಥ್ರಿಪ್ಸ್‌ಗಳ ಸಂತತಿಯೂ ಹಸಿವಿನಿಂದ ಮುಗಿಯುತ್ತದೆ.

ಹಾಗಾದರೆ ಬೇಟೆಗಾರರು ನಮ್ಮಲ್ಲಿಲ್ಲವೇ? ಇದ್ದಾರೆ, ಹೊರಗಿನಿಂದ ತರಿಸಬೇಕಾಗಿಲ್ಲ. ನಿಯೋಸಿಯುಲಸ್ ಲಾಂಗಿಸ್ಪೈನೋಸಸ್ ಏಷ್ಯಾದ್ದೇ ಬೇಟೆನುಸಿ, ನಮ್ಮ ಶಾಖಕ್ಕೆ ಒಗ್ಗಿದ್ದು. ನುಸಿಗಳ ಅಧ್ಯಯನದ ಅಖಿಲ ಭಾರತ ಯೋಜನೆಯ ಕೇಂದ್ರ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದೆ, ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಸಂಸ್ಥೆ ಹೆಬ್ಬಾಳದಲ್ಲಿದೆ. ಹುರುಳಿಕಾಯಿ ಗಿಡಗಳ ಮೇಲೆ ಜೇಡನುಸಿ ಬೆಳೆಸಿ, ಅದರ ಮೇಲೆ ಬೇಟೆನುಸಿ ಬಿಟ್ಟು ಹೆಚ್ಚಿಸುವುದು ಕಷ್ಟದ ಕೆಲಸವಲ್ಲ. ರೈತರ ಗುಂಪೊಂದು ಒಂದು ಪುಟ್ಟ ನೆರಳುಮನೆಯಲ್ಲಿ ಇದನ್ನು ನಡೆಸಬಹುದು ಎಂದು ನನ್ನ ಗಟ್ಟಿ ನಂಬಿಕೆ. ಸೋಲು ಬರುವುದು ಬೇರೆ ಕಡೆಯಿಂದ. ನರ್ಸರಿಯಿಂದ ಬಂದ ಸಸಿಗೆ ಮೊದಲೇ ಹಾಕಿದ ಔಷಧ, ಹಿಂದಿನ ತಿಂಗಳು ಹೊಡೆದ ಪೈರೆಥ್ರಾಯ್ಡ್ ಕೀಟನಾಶಕದ ಉಳಿಕೆ ವಾರಗಟ್ಟಲೆ ಎಲೆಯ ಮೇಲೆ ಉಳಿದು ಬೇಟೆಗಾರರನ್ನು ಕೊಲ್ಲುತ್ತದೆ. ಆದ್ದರಿಂದ ಬೇಟೆಗಾರರನ್ನು ಬಿಡುವ ತೀರ್ಮಾನ ನಾಟಿಗೆ ಮೊದಲೇ ಆಗಬೇಕು, ಸಸಿ ಕೊಳ್ಳುವಾಗಲೇ ಏನು ಹೊಡೆದಿದ್ದೀರಿ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು.

ನಾಟಿಯಾದ ದಿನದಿಂದ ಬಿಳಿನೊಣಕ್ಕೆ ಹಳದಿ, ಥ್ರಿಪ್ಸ್‌ಗೆ ನೀಲಿ ಅಂಟುಬಲೆ ತೂಗುಹಾಕಿ ವಾರವಾರ ಎಣಿಸಿ. ಜೇಡನುಸಿಗೆ ರೆಕ್ಕೆಯಿಲ್ಲ, ಅದು ಬಲೆಗೆ ಬೀಳುವುದಿಲ್ಲ. ಎಲೆ ತಿರುಗಿಸಿಯೇ ನೋಡಬೇಕು, ಬಾಗಿಲ ಬಳಿಯ, ಬಿಸಿಲು ಜೋರಾಗಿ ಬೀಳುವ ಸಾಲುಗಳಿಂದ ಶುರುಮಾಡಿ. ನುಸಿ ಕಂಡ ಮೊದಲ ಗಿಡಕ್ಕೇ ಗುರುತಿನ ದಾರ ಕಟ್ಟಿ, ಬೇಟೆನುಸಿ ತುಂಬಿದ ಹುರುಳಿಕಾಯಿ ಗಿಡದ ಎಲೆಗಳನ್ನು ತಂಪುಹೊತ್ತಿನಲ್ಲಿ ಅದರ ಮೇಲಿಡಿ. ಮುಂದಿನ ವಾರ ಅದೇ ಗಿಡದ ಎಲೆಯನ್ನು ಹತ್ತುಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಜೇಡನುಸಿಯ ಮೊಟ್ಟೆ ದುಂಡಗೆ, ಬೇಟೆನುಸಿಯದು ಅದಕ್ಕಿಂತ ದೊಡ್ಡದು, ಅಂಡಾಕಾರ. ದುಂಡನೆಯವುಗಳ ನಡುವೆ ಅಂಡಾಕಾರದವು ಕಂಡರೆ ಬೇಟೆಗಾರ ನೆಲೆಯೂರಿದೆ, ಆ ಸಾಲಿಗೆ ಔಷಧದ ಪಂಪು ಒಯ್ಯಬೇಡಿ. ಕಾಣದಿದ್ದರೆ ಮತ್ತೊಮ್ಮೆ ಎಲೆ ತಂದಿಡಿ, ಈ ಸಲ ಆಚೀಚೆಯ ಗಿಡಗಳಿಗೂ ಸೇರಿಸಿ.